ಪದಸೂಚಿಯ ತಿಪ್ಪೇಸ್ವಾಮಿಗಳು

ಪೆನ್‌ಡ್ರೈವಿಗೆ ವಿಭೂತಿಯ ವಾಸನೆ ಬಂದರೆ ಅದು ಯಾರದ್ದೆಂದು ನಾನು ಕೇಳುವುದಿಲ್ಲ. ಹಿರಿಯೂರಿನ ಬಸ್‌ಸ್ಟ್ಯಾಂಡ್ ಪಕ್ಕದ ನನ್ನ ಟೈಪಿಂಗ್ ಅಂಗಡಿಗೆ ಪೆನ್‌ಡ್ರೈವನ್ನೂ ವಿಭೂತಿಗಟ್ಟಿಯನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬರುವವರು ಒಬ್ಬರೇ, ಐಮಂಗಲದ ಆಚೆಯ ಒಂದು ಹಳ್ಳಿಯ ನಿವೃತ್ತ ಮೇಷ್ಟ್ರು. ಕಳೆದ ವಾರ ಬಂದವರು ಅದನ್ನು ಮೇಜಿನ ಮೇಲಿಟ್ಟು, "ಎರಡ್ನೇ ಮುದ್ರಣ. ಈ ಸಲನಾದ್ರೂ ಆ ತಿಪ್ಪೇಸ್ವಾಮಿಗಳ್ನ ಸರಿ ಮಾಡಿ ಕೊಡ್ರಿ" ಎಂದರು. ವಿಭೂತಿ ಮೂಗಿಗೆ ಹತ್ತಿ ನಾನು ಸೀನಿದೆ. ಮುಖ ಮುಚ್ಚಿಕೊಳ್ಳಲು ಅನುಕೂಲವೇ ಆಯಿತು. ಆ ವಿಷಯ ಬಂದರೆ ನನ್ನ ಮುಖದ ಮೇಲೆ ಕಳ್ಳತನ ಎದ್ದು ಕಾಣುತ್ತದೆ.

ನಾಲ್ಕು ವರ್ಷದ ಹಿಂದೆ ಮೇಷ್ಟ್ರು ತಮ್ಮ ಊರಿನ ಚರಿತ್ರೆ ಬರೆದಿದ್ದರು. ಐನೂರು ಪುಟ. ಆ ಊರಲ್ಲಿ ಐನೂರು ಪುಟದಷ್ಟು ಏನೂ ನಡೆದಿಲ್ಲ, ಆದರೆ ಮೇಷ್ಟ್ರಿಗೆ ಬಿಡುವಿತ್ತು. ಟೈಪು ಮಾಡಿದ ಪಾಪಿ ನಾನೇ. ಕೊನೆಗೆ ಒಂದು ಪದಸೂಚಿ ಬೇಕೆಂದರು. "ಪೂರ್ತಿ ಯಾರೂ ಓದಲ್ಲರಿ. ಅವರವರ ಹೆಸರು ಎಲ್ಲೈತೆ ಅಂತ ನೋಡ್ತಾರೆ, ಮಡಚಿ ಇಡ್ತಾರೆ. ಹಿಂದ್ಗಡೆ ಪಟ್ಟಿ ಇದ್ರೆ ಅವರಿಗೂ ಸಲೀಸು." ತನ್ನ ಓದುಗರನ್ನು ಇಷ್ಟು ಚೆನ್ನಾಗಿ ಅರಿತ ಇನ್ನೊಬ್ಬ ಲೇಖಕನನ್ನು ನಾನು ಕಂಡಿಲ್ಲ.

ಬುದ್ಧಿ ಇದ್ದವರಿಗೆ ಕಂಪ್ಯೂಟರಿನಲ್ಲಿ ಪದಸೂಚಿ ಮಾಡುವುದು ಕಷ್ಟವಲ್ಲ. ಬೇಕಾದ ಹೆಸರಿಗೆ ಗುರುತು ಹಾಕಬೇಕು. ಗುರುತು ಅಕ್ಷರಗಳ ನಡುವೆ ಅಡಗಿ ಕೂರುತ್ತದೆ. ಎಲ್ಲ ಮುಗಿದ ಮೇಲೆ ಒಂದು ಗುಂಡಿ ಒತ್ತಿದರೆ ಹೆಸರುಗಳೆಲ್ಲ ಪುಟಸಂಖ್ಯೆ ಹೊತ್ತುಕೊಂಡು ಅಕಾರಾದಿಯಾಗಿ ಸಾಲಾಗಿ ನಿಲ್ಲುತ್ತವೆ. ಒಂದೊಂದಕ್ಕೇ ಗುರುತು ಹಾಕುವ ತಾಳ್ಮೆ ಇಲ್ಲದವರಿಗೆ 'ಮಾರ್ಕ್ ಆಲ್' ಎಂಬ ಇನ್ನೊಂದು ಗುಂಡಿ ಇದೆ. ಒಂದು ಹೆಸರು ತೋರಿಸಿದರೆ ಪುಸ್ತಕದಲ್ಲಿ ಅದು ಬಂದ ಕಡೆಯೆಲ್ಲ ತಾನೇ ಗುರುತು ಹಾಕುತ್ತದೆ. ನಾನು ಆ ಗುಂಡಿಯ ಪಂಗಡದವನು. ತಿಪ್ಪೇಸ್ವಾಮಿ ಎಂಬ ಹೆಸರನ್ನು ತೋರಿಸಿ, ಒತ್ತಿ, ಟೀ ಕುಡಿಯಲು ಹೋದೆ.

ನೀವು ನಮ್ಮ ಕಡೆಯವರಾದರೆ ಈಗಾಗಲೇ ನಕ್ಕಿರುತ್ತೀರಿ. ದುರ್ಗದ ಸೀಮೆಯಲ್ಲಿ ತುಂಬಿದ ಬಸ್ಸಿನೊಳಗೆ ತಿಪ್ಪೇಸ್ವಾಮಿ ಎಂದು ಕೂಗಿದರೆ ಡ್ರೈವರೂ ಹಿಂತಿರುಗಿ ನೋಡುತ್ತಾನೆ. ಟೀ ಕುಡಿದು ಬರುವಷ್ಟರಲ್ಲಿ ಮೇಷ್ಟ್ರ ಊರಿನ ಅಷ್ಟೂ ತಿಪ್ಪೇಸ್ವಾಮಿಗಳು ಸೇರಿ ಒಬ್ಬನಾಗಿದ್ದರು. ಒಂದು ಹೆಸರು, ಅದರ ಮುಂದೆ ಏಳು ಸಾಲು ಅಂಕಿ. ಈ ಮಹಾನುಭಾವ ಹತ್ತೊಂಬತ್ತನೇ ಪುಟದಲ್ಲಿ ಬಾವಿ ತೋಡಿಸಿದ್ದ, ನಲವತ್ನಾಲ್ಕರಲ್ಲಿ ಟಗರು ಕದ್ದಿದ್ದ, ಅರವತ್ತೊಂದರಲ್ಲಿ ಕಟ್ಟೆಯ ಮೇಲೆ ಕೂತು ಆ ಟಗರು ಕಳ್ಳನಿಗೇ ಛೀಮಾರಿ ಹಾಕಿದ್ದ, ಎಂಬತ್ತೆಂಟರಲ್ಲಿ ಸಂಸಾರ ಬಿಟ್ಟು ಮಠ ಸೇರಿದ್ದ, ತೊಂಬತ್ತರಲ್ಲಿ ಎರಡನೇ ಮದುವೆಯಾಗಿದ್ದ.

ಬಿಡಿಸಲು ನೋಡಿದೆವು. ಇನಿಷಿಯಲ್ಲು ಹಾಕೋಣವೆಂದರೆ ಅಪ್ಪಂದಿರ ಹೆಸರುಗಳೂ ನಾಲ್ಕೈದರಲ್ಲೇ ಸುತ್ತುತ್ತಿದ್ದವು. ಊರಿನವರು ಅವರನ್ನು ಬೇರೆ ಮಾಡುತ್ತಿದ್ದದ್ದು ಅಡ್ಡಹೆಸರುಗಳಿಂದ. ಹಾಗೇ ಹಾಕೋಣ ಎಂದೆ. ಮೇಷ್ಟ್ರು ಕನ್ನಡಕ ತೆಗೆದರು.

"ಮಠದ ಸ್ವಾಮಿಗಳು ಬಿಡುಗಡೆ ಮಾಡೋ ಪುಸ್ತಕದಾಗೆ ಗೊರಕೆ ತಿಪ್ಪೇಸ್ವಾಮಿ ಅಂತ ಹಾಕ್ತೀರೇನ್ರಿ?"

"ಇಲ್ದಿದ್ರೆ ಗುರುತು ಸಿಗಲ್ಲ ಮೇಷ್ಟ್ರೇ."

"ಹಂಗೇ ಇರ್ಲಿ ಬಿಡ್ರಿ. ಅವರವರ ಅಪ್ಪನ್ನ ಅವರವರೇ ಹುಡುಕ್ಕೊಂತಾರೆ."

ಅಲ್ಲಿಗೆ ಅದು ಮುಗಿಯಬೇಕಿತ್ತು. ಆದರೆ ಅದೇ ವಾರ ಕೆಂಚಮ್ಮ ಬಂದಳು. ಮೇಷ್ಟ್ರ ಊರಿನವಳೇ, ಕುರಿ ಮೇಯಿಸುವ ಮನೆಯವಳು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮೇಷ್ಟ್ರು ಕಟ್ಟೆಯ ಮೇಲೆ ಪುಸ್ತಕದ ಕರಡನ್ನು ಓದಿ ಹೇಳುವಾಗ ತನ್ನ ಗಂಡನ ಸಂಗತಿಯೂ ಅದರಲ್ಲಿ ಬಂದದ್ದನ್ನು ಕೇಳಿದ್ದಳು.

"ಅದು ಎಲ್ಲೈತೆ ಅಂತ ತೋರ್ಸಪ್ಪ. ನಂಗೆ ಅಕ್ಷರ ಬರಲ್ಲ, ಅಂಕಿ ಬರ್ತಾವೆ, ಪೋನ್ ಒತ್ತಲ್ವಾ? ಎಷ್ಟ್ನೇ ಹಾಳೆ ಅಂತ ಗೊತ್ತಾದ್ರೆ ನಾನೇ ತೆಕ್ಕೊಂಡು ಕೈ ಇಟ್ಕೊಂತೀನಿ. ಸೊಸೆ ತಾವ, ಮೊಮ್ಮಕ್ಕಳ ತಾವ ದಿನಾ ಹಲ್ಲು ಗಿಂಜಕ್ಕೆ ಆಗಲ್ಲ."

"ಕುಂತ್ಕಳಮ್ಮ. ಹೆಸರೇನು ಅವರದು?"

ಕೆಂಚಮ್ಮ ಫ್ಯಾನಿನ ಕಡೆ ನೋಡಿದಳು. ಗಂಡನ ಹೆಸರು ಹೇಳದವರ ಕಾಲದವಳು ಎಂಬುದು ನನಗೆ ಹೊಳೆಯಲಿಲ್ಲ. ಮತ್ತೆ ಕೇಳಿದೆ.

"ನಮ್ಮನ್ಯಾರು" ಎಂದಳು.

ಆ ಊರಿನ ಅಷ್ಟೂ ಹೆಂಗಸರಿಗೆ ಅವರವರ ಗಂಡಂದಿರು ಅದೇ ಆಗಿರುವುದರಿಂದ ಅದು ತಿಪ್ಪೇಸ್ವಾಮಿಗಿಂತಲೂ ದೊಡ್ಡ ಗುಂಪು. ನಾನು ಕಂಪ್ಯೂಟರಿಗೆ ಹೆಸರೇ ಬೇಕೆಂದು ಹಟ ಹಿಡಿದೆ. ಕೆಂಚಮ್ಮ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ತಿಪ್ಪೇಸ್ವಾಮಿ" ಎಂದಳು. ಹೇಳಿ ಮುಖವೆಲ್ಲ ಕೆಂಪಾಗಿ ಬೆವೆತಳು. ಜೀವಮಾನದಲ್ಲಿ ಒಂದೇ ಒಂದು ಸಲ ಗಂಡನ ಹೆಸರು ಹೇಳಿದ್ದು, ಅದೂ ನನ್ನಂಥವನ ಮುಂದೆ. ಅದರಿಂದ ನನಗೆ ಎಳ್ಳಷ್ಟೂ ಪ್ರಯೋಜನವಾಗಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು.

"ಏನು ಮಾಡಿದ್ರು ಅವರು?" ಎಂದು ಕೇಳಿದ್ದರೆ ಮೊದಲೇ ಸಿಗುತ್ತಿತ್ತು. ಈಗ ಕೇಳಿದೆ. ಹಳ್ಳ ತುಂಬಿ ಬಂದಾಗ ಸೂಲಗಿತ್ತಿಯನ್ನು ಹೆಗಲ ಮೇಲೆ ಹೊತ್ತು ದಾಟಿಸಿದ್ದನಂತೆ. ಸೂಲಗಿತ್ತಿ ಎಂದು ಹುಡುಕಿದೆ. ಇನ್ನೂರ ಹನ್ನೆರಡನೇ ಪುಟ, ಎರಡೇ ಸಾಲು. ಆದರೆ ಇನ್ನೂರ ಹನ್ನೆರಡು ಎಂದು ಹೇಳಿ ಕಳಿಸುವಂತಿರಲಿಲ್ಲ. ಮೇಷ್ಟ್ರು ದಿನಕ್ಕೊಂದು ಪ್ಯಾರಾ ಸೇರಿಸುತ್ತಿದ್ದರು, ಪುಟಗಳು ದಿನವೂ ಜಾರುತ್ತಿದ್ದವು. ಗುರುತು ಹಾಕುವಾಗ ತೆರೆಯ ಮೇಲೆ ಬರುವ ಪೆಟ್ಟಿಗೆಯ ಕೆಳಗೆ, ಪುಟಸಂಖ್ಯೆ ದಪ್ಪಗಿರಲೋ ಓರೆಯಾಗಿರಲೋ ಎಂದು ಕೇಳುವ ಎರಡು ಪುಟ್ಟ ಚೌಕಗಳಿವೆ. ಅದುವರೆಗೆ ಅವುಗಳನ್ನು ಮುಟ್ಟಿರಲಿಲ್ಲ. ಆ ಒಂದು ಗುರುತಿಗೆ ಮಾತ್ರ ದಪ್ಪ ಎಂದು ಒತ್ತಿದೆ. ಇನ್ನು ಮೇಷ್ಟ್ರು ಎಷ್ಟು ಪ್ಯಾರಾ ಸೇರಿಸಿದರೂ ಅಂಕಿ ಬದಲಾಗಬಹುದು, ದಪ್ಪ ಹೋಗುವುದಿಲ್ಲ.

"ಹಿಂದ್ಗಡೆ ಪಟ್ಟಿಯಾಗೆ ಅಂಕಿ ಇರುವೆ ಸಾಲಿನಂಗೆ ಹರಿದಿರ್ತಾವಮ್ಮ, ಎಲ್ಲಕ್ಕಿಂತ ದೊಡ್ಡ ಸಾಲು. ಅದರಾಗೆ ದಪ್ಪಗಿರೋದು ನಿಮ್ಮನ್ಯಾರು" ಎಂದೆ.

"ಇದ್ದಾಗ ಸಣಕಲು. ಹೋಗ್ಲಿ, ಇಲ್ಲಾದ್ರೂ ದಪ್ಪಗಿರ್ಲಿ" ಎಂದು ಹೋದಳು.

ಪುಸ್ತಕ ಬಂದ ಮೇಲೆ ನನ್ನ ಅಂಗಡಿ ಪೊಲೀಸ್ ಠಾಣೆಯಾಯಿತು. ಬಾವಿ ತೋಡಿಸಿದವರ ಮಗ ಬಂದು, "ಏನಪ್ಪ, ನಮ್ಮಪ್ಪ ಚೇರ್ಮನ್ ಆಗಿದ್ದೋರು, ಅವರು ಸಣ್ಣ, ಯಾವನೋ ಕುರಿ ಕಾಯೋನು ದಪ್ಪನಾ?" ಎಂದ. ಟಗರು ಕದ್ದವನ ಮೊಮ್ಮಗನೂ ನ್ಯಾಯ ಕೇಳಿದ. ಪದಸೂಚಿಯಲ್ಲಿ ದಪ್ಪ ಅಂಕಿಯೆಂದರೆ ಮುಖ್ಯ ಪ್ರಸಂಗವೆಂದು ಮೇಷ್ಟ್ರು ಯಾರಿಗೋ ವಿವರಿಸಿ ಉರಿಯುವ ಬೆಂಕಿಗೆ ತುಪ್ಪ ಸುರಿದಿದ್ದರು. ನಾನು ಎಲ್ಲರಿಗೂ ಮಷೀನಿನ ತಪ್ಪು ಎಂದೆ. ಮಷೀನು ಎದುರು ಮಾತಾಡುವುದಿಲ್ಲ, ಅದೊಂದು ಉಪಕಾರ.

ಈಗ ಎರಡನೇ ಮುದ್ರಣಕ್ಕೆ ಊರಿನವರ ತೀರ್ಮಾನವಾಗಿದೆಯಂತೆ. "ಎಲ್ಲಾ ತಿಪ್ಪೇಸ್ವಾಮಿಗಳ್ನೂ ದಪ್ಪ ಮಾಡ್ಬಿಡ್ರಿ. ಯಾರ್ದೂ ತಕರಾರು ಇರಲ್ಲ" ಎಂದರು ಮೇಷ್ಟ್ರು. ತಲೆಯಾಡಿಸಿದೆ. ಅವರು ಹೋದ ಮೇಲೆ ಕೆಂಚಮ್ಮನ ನೆನಪಾಗಿ ಕೈ ನಿಂತಿತು. ಅವಳ ಹಳೆಯ ಪ್ರತಿಯ ಅರ್ಧವನ್ನು ಮೇಕೆ ತಿಂದಿತ್ತು, ಹೊಸದು ಯಾವಾಗ ಬರುತ್ತದೆಂದು ತಿಂಗಳಿಂದ ಕೇಳುತ್ತಿದ್ದಳು. ಎಲ್ಲವೂ ದಪ್ಪವಾದರೆ ಆ ಏಳು ಸಾಲಿನಲ್ಲಿ ಅವಳು ಎಲ್ಲಿ ಕೈ ಇಡಬೇಕು? ಯೋಚಿಸಿ, ಒಂದೊಂದೇ ಗುರುತನ್ನು ಬಿಚ್ಚಿ ಅಷ್ಟನ್ನೂ ದಪ್ಪ ಮಾಡಿದೆ. ಈ ಸಲ ಮಾರ್ಕ್ ಆಲ್ ಒತ್ತಲಿಲ್ಲ. ಒಂದನ್ನು ಮಾತ್ರ ತೆಳ್ಳಗೆ ಮಾಡಿದೆ.

ನಿನ್ನೆ ಕೆಂಚಮ್ಮ ಬಂದಾಗ ಕರಡಿನ ಹಾಳೆ ಮೇಜಿನ ಮೇಲೇ ಇತ್ತು. ಯಾವುದೆಂದು ತೋರಿಸದೆ ಅವಳ ಮುಂದೆ ಸರಿಸಿದೆ. ದೊಡ್ಡ ಸಾಲು ಹುಡುಕಿ ಬೆರಳಿಟ್ಟಳು. ಕಪ್ಪಗೆ ದಪ್ಪಗೆ ಕೂತ ಅಂಕಿಗಳನ್ನು ಒಂದೊಂದಾಗಿ ದಾಟಿದಳು, ಎರಡನೇ ಸಾಲು, ಮೂರನೇ ಸಾಲು. ಐದನೇ ಸಾಲಿನ ನಡುವೆ ಬೆರಳು ನಿಂತಿತು. ಇನ್ನೂರ ಇಪ್ಪತ್ತಾರು. ಬಗ್ಗಿ ನೋಡಿದಳು.

"ಯಾಕೋ ಈ ಸಲ ಸೊರಗ್ಯಾರೆ" ಎಂದಳು. ಬೆರಳನ್ನು ಮಾತ್ರ ಅಲ್ಲಿಂದ ತೆಗೆಯಲಿಲ್ಲ.