ಅಜ್ಜಿ ಕೈಗೊಂದು ಹಿಡಿ

ಹಾಂ, ಚಾಕು ಮಾಡೋ ನಮ್ಮಜ್ಜನ ವಿಷ್ಯಕ್ಕೇ ಬಂದೆ. ಹಿಡಿಯ ಎರಡು ಮರದ ತುಂಡಿಗೆ ಆಮೇಲೆ ಬಿಡಿಸೋಕೆ ಬರ್ಲಿ ಅಂತ ಎರಡೇ ತೊಟ್ಟು ಅಂಟು ಹಾಕಿ, ಜೋಡಿಸಿ, ಒಟ್ಟಿಗೇ ಉಜ್ತಾರೆ. ಆಕಾರ ಬಂದ್ಮೇಲೆ ಬಿಡಿಸಿ ಚಾಕುವಿನ ಎರಡೂ ಕಡೆ ಕೂರಿಸ್ತಾರೆ.

ಅವರ ಹೆಂಡ್ತಿ, ಅಂದ್ರೆ ನಮ್ಮಜ್ಜಿಗೆ ಬೆರಳು ಸರಿಯಾಗಿ ಮಡಚೋಕಾಗಲ್ಲ. ಆದ್ರೂ ತರಕಾರಿ ತಾನೇ ಹೆಚ್ಬೇಕು ಅಂತ ಹಟ. ಅದಕ್ಕೇ ಅವರ ಕೈಗೆ ಸರಿಯಾಗೋ ಹಿಡಿ ಮಾಡೋಕೆ ಅಜ್ಜ ಉಜ್ಜೋದು, ಅಜ್ಜಿ ಕೈ ಹಿಡ್ಕೊಂಡು ಅದ್ರಲ್ಲಿಟ್ಟು ನೋಡೋದು, ಮತ್ತೆ ಉಜ್ಜೋದು. ಕೊನೆಗೆ ಬಿಡಿಸೋಕೆ ಹೋದ್ರೆ ಜಪ್ಪಯ್ಯ ಅಂದ್ರೂ ಬಿಡ್ಲಿಲ್ಲ, ಮರಾನೇ ಸೀಳ್ತು.

"ಗಟ್ಟಿಯಾಗ್ಲಿ ಅಂತ ನಾನೇ ಪೂರ್ತಿ ಅಂಟು ಬಳಿದ್ಬಿಟ್ಟೆ ಕಣ್ರೀ," ಅಂತ ಅಜ್ಜಿ ಮುಖ ಸಣ್ಣಗೆ ಮಾಡ್ಕೊಂಡ್ರು.

"ಇನ್ನೊಂದ್ಸಲ ಕೈ ಹಿಡಿಸ್ಕೊಳ್ಳೋ ಪ್ಲ್ಯಾನು ತಾನೇ? ಕೊಡಿಲ್ಲಿ ಕೈ," ಅಂತ ಅಜ್ಜ ಹೊಸ ಮರ ತಗೊಂಡ್ರು.

ಈಗ ಆ ಚಾಕು ಅಜ್ಜಿಗೆ ಬಿಟ್ರೆ ಯಾರ ಕೈಗೂ ಕೂರಲ್ಲ. ಹೋಗಿ ಒಂದ್ಸಲ ಮಾತಾಡಿಸಿ, ಸೌತೆಕಾಯಿ ಅಜ್ಜೀನೇ ಹೆಚ್ಚಿ ಕೊಡ್ತಾರೆ.