ಗುಂಯ್ ಅಜ್ಜಿಯ ಗಂಟಲು

ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಔಷಧಿ ಅಂಗಡಿಯ ಹಿಂದಿನ ಓಣಿಯಲ್ಲಿ ಒಂದು ಉದ್ದನೆಯ ಹಾಲ್. ಅದರ ಕಬ್ಬಿಣದ ಶಟರನ್ನು ವಯಸ್ಸಾದ ಹೆಂಗಸೊಬ್ಬರು ಭುಜ ಕೊಟ್ಟು ಮೇಲಕ್ಕೆ ತಳ್ಳುತ್ತಿದ್ದಾರೆ. ಒಳಗೆ ಹೋದವರು ದೀಪ ಹಾಕುವುದಿಲ್ಲ. ಕತ್ತಲಲ್ಲೇ ನಿಂತು, ಬಾಯಿ ಮುಚ್ಚಿ, ಒಮ್ಮೆ ಗುಂಯ್ ಎನ್ನುತ್ತಾರೆ. ತಳದಿಂದ ಹೊರಟ ದನಿ ನಿಧಾನವಾಗಿ ಮೇಲೇರುತ್ತದೆ, ಅರ್ಧ ದಾರಿಯಲ್ಲಿ ಹರಿದು ಬರೀ ಗಾಳಿಯಾಗುತ್ತದೆ. ಫ್ಲಾಸ್ಕಿನಿಂದ ಬಿಸಿ ಉಪ್ಪುನೀರು ಬಗ್ಗಿಸಿಕೊಂಡು ಬಾಯಿ ಮುಕ್ಕಳಿಸಿ ಮತ್ತೆ ಎತ್ತುತ್ತಾರೆ. ಮತ್ತೆ ಅಲ್ಲೇ ಹರಿಯುತ್ತದೆ.

“ನಿನ್ನೆಗಿಂತ ಒಂದು ಮೆಟ್ಟಿಲು ಕಮ್ಮಿ,” ಎನ್ನುತ್ತಾ ಸ್ವಿಚ್ ಒತ್ತುತ್ತಾರೆ. “ಕೆಳಗಿನ ಮನೆ ಗಟ್ಟಿಯಾಗಿದೆ. ಮಹಡಿ ಮಾತ್ರ ಕುಸೀತಿದೆ.”

ಮಕ್ಕಳು ಇವರನ್ನು ಗುಂಯ್ ಅಜ್ಜಿ ಎನ್ನುತ್ತಾರೆ. ಮಾತು ಬಾರದ, ಯಾರ ಕಡೆಗೂ ತಿರುಗಿ ನೋಡದ ಮಕ್ಕಳು ಬೆಳಿಗ್ಗೆ ಇಲ್ಲಿಗೆ ಬರುತ್ತಾರೆ. ಊಟದ ಹೊತ್ತು ಕಳೆದ ಮೇಲೆ ನೆನಪು ಕಳೆದುಕೊಂಡ ಹಿರಿಯರು ಬರುತ್ತಾರೆ. ಸಂಗೀತದ ಮೂಲಕ ಇವರನ್ನು ಒಂದಿಷ್ಟು ಹೊತ್ತು ಮನುಷ್ಯರ ನಡುವೆ ಕೂರಿಸುವುದು ಈ ಹಾಲ್‌ನ ಕೆಲಸ. ಅದನ್ನು ಓದಿ ಕಲಿತ ಮೇಡಂ ವಾರಕ್ಕೊಮ್ಮೆ ಬರುತ್ತಾರೆ. ಉಳಿದ ದಿನಗಳೆಲ್ಲ ಅಜ್ಜಿಯವು.

ಅಜ್ಜಿ ಮೊದಲು ಇಲ್ಲಿ ಕಸ ಗುಡಿಸುತ್ತಿದ್ದರು. ಗುಡಿಸುತ್ತಾ ಗುನುಗುತ್ತಿದ್ದುದನ್ನು ಕೇಳಿ ಹತ್ತಿರ ಬಂದ ಮಗುವನ್ನು ನೋಡಿ, ಪೊರಕೆ ಕೆಳಗಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡವರು ಮೇಡಂ. ಕೈ ಹಿಡಿದು ಕಲಿಸಿದವರೂ ಅವರೇ. “ಕಲಿಯೋ ವಯಸ್ಸಲ್ಲಿ ಹೇಳ್ಕೊಡೋರು ಇರ್ಲಿಲ್ಲ. ಹೇಳ್ಕೊಡೋರು ಸಿಕ್ಕಿ ಎಲ್ಲ ಕೈಗೆ ಹತ್ತೋ ಹೊತ್ತಿಗೆ ಗಂಟಲು ಹೊರಟಿದೆ. ಹಲ್ಲಿದ್ದಾಗ ಕಡಲೆ ಇಲ್ಲ, ಗಾದೆ ಸುಮ್ನೆ ಮಾಡ್ತಾರಾ?” ಎನ್ನುತ್ತಾರೆ ಅಜ್ಜಿ.

ಅಜ್ಜಿಯ ಗಂಟಲಿನಲ್ಲಿ ಗಂಟೊಂದು ಬೆಳೆದಿದೆ. ಬರುವ ಸೋಮವಾರ ಅದನ್ನು ತೆಗೆಯುತ್ತಾರೆ. ದನಿ ಉಳಿಯುತ್ತದೆಯೇ ಎಂದು ಕೇಳಿದರೆ ಡಾಕ್ಟರು ಕೈಲಿದ್ದ ಕಾಗದವನ್ನು ನೋಡಿದರಂತೆ. “ಮುಖ ನೋಡ್ಲಿಲ್ಲ. ಅಲ್ಲೇ ಅರ್ಥ ಆಯ್ತು.”

ಆ ದನಿಯ ಜೊತೆ ಏನೇನು ಹೋಗುತ್ತದೆ ಎಂಬುದನ್ನು ತಿಳಿಯಲು ಇಲ್ಲಿನ ಒಂದು ಪದ್ಧತಿ ಗೊತ್ತಿರಬೇಕು. ಹೊಸಬರು ಬಂದಾಗ ಅಜ್ಜಿ ಕೆಲವು ದಿನ ಅವರ ಪಕ್ಕದಲ್ಲಿ ಸುಮ್ಮನೆ ಕೂರುತ್ತಾರೆ. ಮಗು ಹೇಗೆ ತೂಗಾಡುತ್ತದೆ, ಏನನ್ನು ಬಡಿಯುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ ನೋಡುತ್ತಾರೆ. ಅದರಿಂದಲೇ ಮಾತಿಲ್ಲದ ಒಂದು ಸಣ್ಣ ಗುನುಗು ಕಟ್ಟುತ್ತಾರೆ. ಅದು ಆ ಮಗುವಿನ ಕರೆ. ಹೆಸರು ಕೂಗಿದರೆ ತಿರುಗದ ಮಗು ತನ್ನ ಕರೆ ಕೇಳಿದರೆ ಒಂದಲ್ಲ ಒಂದು ದಿನ ತಿರುಗುತ್ತದೆ. ಹಿರಿಯರಿಗೂ ಹಾಗೆಯೇ. ಬಸ್ ಕಂಡಕ್ಟರ್ ಆಗಿದ್ದ ತಾತನೊಬ್ಬರಿಗೆ ಮಗನ ಗುರುತಿಲ್ಲ. ಅವರ ಕರೆ ಎತ್ತಿದರೆ ಮಾತ್ರ ತಲೆ ಎತ್ತಿ, “ಮುಂದೆ ಹೋಗಿ, ಮುಂದೆ ಜಾಗ ಇದೆ,” ಎನ್ನುತ್ತಾರೆ.

“ಎಲ್ಲಿದೆ ತಾತ ಜಾಗ? ನನ್ನೇ ಮುಂದೆ ಕಳಿಸೋ ಹಾಗಿದ್ದೀರಿ,” ಎಂದು ಅಜ್ಜಿ ರೇಗಿಸುತ್ತಾರೆ. ಮಗ ನಗುತ್ತಾನೆ, ಆಮೇಲೆ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾನೆ.

ಈ ಕರೆಗಳನ್ನೆಲ್ಲ ಫೋನಿನಲ್ಲಿ ಹಿಡಿದಿಡಬಹುದಲ್ಲ ಎಂದು, ಈ ಹಾಲ್ ಬಗ್ಗೆ ಬರೆಯಲು ಹೋಗಿದ್ದ ನಾನೂ ಕೇಳಿದೆ. ಗಂಟಲು ಕೆಟ್ಟ ಸುದ್ದಿ ತಿಳಿದ ಕೂಡಲೇ ಮೇಡಂ ಹಿಡಿದಿಟ್ಟಿದ್ದಾರೆ. ಅಜ್ಜಿ ಒಪ್ಪುವುದಿಲ್ಲ. “ಫೋನು ಕರೆದ್ರೆ ಮಗು ಫೋನಿನ ಕಡೆ ನೋಡುತ್ತೆ. ಅದು ಮನುಷ್ಯರ ಕಡೆ ನೋಡ್ಲಿ ಅಂತ ತಾನೇ ನಾವು ಒದ್ದಾಡ್ತಿರೋದು?”

ಪದ್ಧತಿಗೆ ಒಂದು ಕಟ್ಟಳೆಯೂ ಇದೆ. ಸತ್ತವರ ಕರೆಯನ್ನು ಈ ಹಾಲ್‌ನಲ್ಲಿ ಮತ್ತೆ ಎತ್ತುವಂತಿಲ್ಲ. “ಹಿಂದೆ ಒಂದ್ಸಲ ಬೇಜಾರಿಗೆ ಎತ್ತಿದ್ದೆ. ಮಕ್ಕಳೆಲ್ಲ ಬಾಗಿಲ ಕಡೆ ನೋಡಿದ್ವು, ಬಂದ್ರು ಅಂತ. ಅವತ್ತಿಂದ ಇಲ್ಲ.”

ಹಾಲ್‌ನ ಹಿಂಬದಿಯಲ್ಲಿ ಒಂದು ನಲ್ಲಿ. ಮಕ್ಕಳು ಬಾಯಿಗಿಟ್ಟ ಗಿಲಕಿ, ಕೋಲು, ಮರದ ಚಮಚಗಳನ್ನು ಅಲ್ಲಿ ದಿನಾ ತೊಳೆಯುವವಳು ಬಟ್ಟೆ ಹೊಲಿಯುವ ಹೆಂಗಸು. ಅವಳ ಮಗಳೂ ಇಲ್ಲಿಗೆ ಬರುತ್ತಿದ್ದಳು. ಒಂದು ತುತ್ತು ನುಂಗಲು ಗಳಿಗೆಗಟ್ಟಲೆ ತೆಗೆದುಕೊಳ್ಳುತ್ತಿದ್ದ ಹುಡುಗಿಯನ್ನು ತಾಯಿಯೇ ಆಮೆ ಎಂದು ಕರೆದಳು, ಆ ಹೆಸರೇ ನಿಂತಿತು. ಅವಳ ಕರೆಯೂ ಅವಳಂತೆ ತಗ್ಗಿನದು, ನಿಧಾನದ್ದು. ಕಳೆದ ಚಳಿಗಾಲ ಜ್ವರ ಎದೆಗೆ ಇಳಿದು ಆಮೆ ತೀರಿಕೊಂಡಳು. ಮೇಡಂ ಕರೆಗಳನ್ನು ಫೋನಿನಲ್ಲಿ ಹಿಡಿದಿಡುವುದಕ್ಕೆ ಎಷ್ಟೋ ತಿಂಗಳು ಮೊದಲಿನ ಮಾತು ಅದು, ಆಮೆಯ ಕರೆ ಅದರಲ್ಲಿಲ್ಲ. ಒಂದು ವಾರ ಕಳೆದು ತಾಯಿ ಮತ್ತೆ ಬಂದಳು. ನಲ್ಲಿಯ ಹತ್ತಿರ ಹೋಗಿ ಕೂತಳು.

“ಆ ಹೊತ್ತಿಗೆ ಮನೇಲಿ ಏನು ಮಾಡ್ಲಿ?” ಎನ್ನುತ್ತಾಳೆ. ತೊಳೆಯುವಾಗ ಅವಳ ಬೆನ್ನು ಯಾವಾಗಲೂ ಹಾಲ್‌ನ ಕಡೆಗಿರುತ್ತದೆ.

ನಾನು ಎರಡನೆಯ ಸಲ ಹೋದ ದಿನ ಇದು ನಡೆಯುತ್ತದೆ. ಹೊಸದಾಗಿ ಬಂದಿರುವ ಒಬ್ಬ ಹುಡುಗನಿದ್ದಾನೆ. ಕುರ್ಚಿಯ ಬೋಲ್ಟುಗಳನ್ನೆಲ್ಲ ತಿರುಗಿಸುತ್ತಾ ಕೂರುವುದರಿಂದ ಬೋಲ್ಟು ಎಂದೇ ಹೆಸರು. ಆ ದಿನ ಅವನು ಮೇಜಿನ ಕೆಳಗೆ ಸೇರಿಕೊಂಡು ತಲೆಯನ್ನು ಅದರ ಕಾಲಿಗೆ ಚಚ್ಚಿಕೊಳ್ಳುತ್ತಿದ್ದಾನೆ. ಅಜ್ಜಿ ನೆಲಕ್ಕೆ ಕೂತು ಅವನ ಕರೆ ಎತ್ತುತ್ತಾರೆ. ಅದು ತಗ್ಗಿನಲ್ಲಿ ಶುರುವಾಗಿ ತಟ್ಟನೆ ಮೇಲಕ್ಕೆ ನೆಗೆಯಬೇಕು. ನೆಗೆತದ ಜಾಗದಲ್ಲಿ ಗಂಟಲು ಹರಿಯುತ್ತದೆ. ಮೇಲೆ ಹೋಗಲಾರದ ದನಿ, ಗೊತ್ತಿರುವ ದಾರಿ ಹಿಡಿದ ದನದಂತೆ, ಕೆಳಗೇ ತಿರುಗಿ ಮೆಲ್ಲಗೆ ಸಾಗುತ್ತದೆ.

ನನಗೆ ಏನೂ ತಿಳಿಯಲಿಲ್ಲ, ಚೆನ್ನಾಗಿದೆ ಎಂದೇ ಅಂದುಕೊಂಡೆ. ಆದರೆ ಕೋಲು ಬಡಿಯುತ್ತಿದ್ದ ಒಂದು ಹುಡುಗಿ ಕೈ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಾಳೆ. ಪಕ್ಕದ ಹುಡುಗನೂ ನೋಡುತ್ತಾನೆ. ಬಾಗಿಲಲ್ಲಿ ಯಾರೂ ಇಲ್ಲ. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಹಿಂದುಗಡೆ ನಲ್ಲಿಯ ನೀರು ಸುರಿಯುತ್ತಲೇ ಇದೆ, ತೊಳೆಯುವ ಸದ್ದು ಮಾತ್ರ ನಿಂತಿದೆ.

ಬೋಲ್ಟು ಇನ್ನೂ ತಲೆ ಚಚ್ಚಿಕೊಳ್ಳುತ್ತಿದ್ದಾನೆ. ನಲ್ಲಿ ನಿಲ್ಲುತ್ತದೆ. ಹೊಲಿಗೆಯವಳು ಒದ್ದೆ ಕೈಯಲ್ಲೇ ಬಂದು, ಅಜ್ಜಿಯ ಮುಖ ನೋಡದೆ, ಮೇಜಿನ ಪಕ್ಕ ಕೂತು ಬೋಲ್ಟುವಿನ ಕರೆ ಎತ್ತುತ್ತಾಳೆ. ತಗ್ಗು, ತಗ್ಗು, ತಟ್ಟನೆ ಮೇಲಕ್ಕೆ. ದನಿಯಲ್ಲಿ ಇಂಪೇನೂ ಇಲ್ಲ, ಆದರೆ ನೆಗೆತ ಸರಿಯಾಗಿದೆ. ಎರಡು ಸಲ, ಮೂರು ಸಲ. ಚಚ್ಚುವುದು ನಿಲ್ಲುತ್ತದೆ. ಮೇಜಿನ ಕೆಳಗಿನಿಂದ ಮೊದಲು ಒಂದು ಕೈ ಬರುತ್ತದೆ.

ಅವಳು ಎದ್ದು, ಗೂಟದಿಂದ ಚೀಲ ತೆಗೆದುಕೊಂಡು ಹೊರಟುಹೋಗುತ್ತಾಳೆ.

“ಬೇಕಂತ ಅಲ್ಲ ಕಣಮ್ಮಾ,” ಎಂದು ಅಜ್ಜಿ ಬಾಗಿಲವರೆಗೆ ಹೋಗುತ್ತಾರೆ. ಕೂಗಲು ಗಂಟಲಿಲ್ಲ.

ಮಾರನೆಯ ದಿನ ಅವಳು ಬರುವುದಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಗಿಲಕಿಗಳನ್ನು ಅಜ್ಜಿಯೇ ತೊಳೆಯುತ್ತಾರೆ. “ಗಾಯದ ಮೇಲಿನ ಹಕ್ಕಳೆ ಕಿತ್ತಂಗಾಯ್ತು. ಅವಳ ಮನೆಗೆ ಹೋಗೋಣ ಅಂದ್ರೆ ಹೋಗಿ ಏನಂತ ಹೇಳ್ಲಿ? ಎಲ್ಲ ದನಿ ಹೋಗಿ ಆಮೆ ಕರೆಯೊಂದು ಮಾತ್ರ ನೆಟ್ಟಗೆ ಬರುತ್ತೆ ಅಂತ ಹೇಳ್ಲಾ?” ಆಮೇಲೆ ನನ್ನ ಕಡೆ ತಿರುಗಿ, “ನಿಜ ಹೇಳ್ತೀನಿ, ಅದೊಂದಕ್ಕೆ ಮಹಡಿ ಬೇಡ. ಕೆಳಗಿನ ಮನೇಲೇ ಮುಗಿಯುತ್ತೆ.”

ಶನಿವಾರ ಬೆಳಗಿನ ಜಾವ ಶಟರ್ ತೆಗೆಯಲು ಅಜ್ಜಿ, ಜೊತೆಗೆ ನಾನು, ಓಣಿಗೆ ತಿರುಗಿದಾಗ ಹೊಲಿಗೆಯವಳು ಮೆಟ್ಟಿಲ ಮೇಲೆ ಕೂತಿದ್ದಾಳೆ. ಎದ್ದು ತಾನೂ ಭುಜ ಕೊಡುತ್ತಾಳೆ. ಒಳಗೆ ಹೋದ ಮೇಲೆ ಸ್ವಲ್ಪ ಹೊತ್ತು ಇಬ್ಬರೂ ಕುರ್ಚಿ ಜೋಡಿಸುತ್ತಾರೆ.

“ಸೋಮವಾರದಿಂದ ಕರೆ ನಾನು ನೋಡ್ಕೋತೀನಿ ದೊಡ್ಡಮ್ಮ. ಎಲ್ಲಾ ಬರುತ್ತೆ. ಕಂಡಕ್ಟರ್ ತಾತಂದೂ ಬರುತ್ತೆ.”

“ಯಾವಾಗ ಕಲಿತ್ಯೇ?”

“ಬೆನ್ನಿಗೇನು ಕಿವಿ ಇಲ್ವಾ?” ಕುರ್ಚಿಯ ಬೆನ್ನು ಹಿಡಿದು ನಿಲ್ಲುತ್ತಾಳೆ. “ಅವಳದ್ದು ಮಾತ್ರ ಬರ್ತಿಲ್ಲ. ತಲೇಲಿದೆ, ಬಾಯಿಗೆ ಬರೋ ಹೊತ್ತಿಗೆ ಕಟ್ಕೊಳ್ಳುತ್ತೆ. ಅವತ್ತು ನೀವು ಎತ್ತಿದಾಗ ಗೊತ್ತಾಯ್ತು, ನಾನು ಆಗಲೇ ಒಂದು ಕಡೆ ತಪ್ಪಾಗಿ ನೆನಪಿಟ್ಕೊಂಡಿದ್ದೀನಿ. ಸೋಮವಾರ ಆದ್ಮೇಲೆ ಕೇಳೋಕೆ ಯಾರಿದ್ದಾರೆ? ಒಂದ್ಸಲ ಹೇಳ್ಕೊಡಿ ದೊಡ್ಡಮ್ಮ. ಕಟ್ಟಳೆ ಇದೆ, ಗೊತ್ತು.”

ಅಜ್ಜಿ ಗೋಡೆಯ ಗಡಿಯಾರ ನೋಡುತ್ತಾರೆ. “ಮಕ್ಕಳು ಬರೋಕೆ ಇನ್ನೂ ಹೊತ್ತಿದೆ. ಶಟರ್ ಎಳಿ.”

ನಾನು ಹೊರಗೆ ಬರುತ್ತೇನೆ. ಇದನ್ನು ಬರೆಯಬಹುದೇ ಎಂದು ಆಮೇಲೆ ಆ ತಾಯಿಯನ್ನು ಕೇಳಿದೆ. “ಬರೀರಿ. ಆಮೆ ಅಂತಾನೇ ಬರೀರಿ,” ಎಂದಳು. ಆದ್ದರಿಂದ ಬರೆಯುತ್ತಿದ್ದೇನೆ. ಕಬ್ಬಿಣದ ಆಚೆಯಿಂದ ಅಜ್ಜಿಯ ದನಿ ಕೇಳಿಸುತ್ತದೆ. ತಗ್ಗಿನಲ್ಲಿ, ಅವಸರವಿಲ್ಲದೆ, ಎಲ್ಲಿಯೂ ಹರಿಯದೆ ಕೊನೆ ಮುಟ್ಟುತ್ತದೆ. ಮತ್ತೆ ಮೊದಲಿನಿಂದ. ಈ ಸಲ ಇನ್ನೊಂದು ದನಿ ಜೊತೆಗೆ ಹೊರಡುತ್ತದೆ, ನಡುವೆ ಎಲ್ಲೋ ಕಟ್ಟಿಕೊಂಡು ನಿಲ್ಲುತ್ತದೆ. ಅಜ್ಜಿಯ ದನಿಯೂ ಅಲ್ಲೇ ಕಾಯುತ್ತದೆ. ಮತ್ತೆ ಮೊದಲಿನಿಂದ. ಓಣಿಯಲ್ಲಿ ಹಾಲು ಹಾಕುವವನು ಸೈಕಲ್ ನಿಲ್ಲಿಸಿ ಒಂದು ಗಳಿಗೆ ನೋಡಿ ಹೋಗುತ್ತಾನೆ. ಕೊನೆಯವರೆಗೆ ಎರಡು ದನಿ ಹೋದದ್ದನ್ನು ನಾನು ಕೇಳಲಿಲ್ಲ. ಅಷ್ಟರಲ್ಲಿ ಬೋಲ್ಟುವಿನ ಅಪ್ಪ ಮಗನನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ.

ಶಟರ್ ಮೇಲೇರುತ್ತದೆ. ಹೊಲಿಗೆಯವಳು ಮುಖ ತೊಳೆಯಲು ನಲ್ಲಿಯ ಕಡೆ ಹೋಗುತ್ತಾಳೆ. ಅಜ್ಜಿ ಬಾಗಿಲಲ್ಲಿ ನಿಂತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ, ತೆರೆಯದೆ ಹಾಗೆಯೇ ಬಿಗಿ ಮಾಡುತ್ತಾರೆ.

ಸೋಮವಾರದ ಬಗ್ಗೆ ಭಯವಿದೆಯೇ ಎಂದು ಕೇಳುತ್ತೇನೆ.

“ಇಲ್ದೇ ಏನು. ಉಳಿದ್ರೆ ಸಂತೋಷ,” ಎನ್ನುತ್ತಾರೆ. ದನಿ ಈಗ ಪಿಸುಮಾತಿಗೆ ಇಳಿದಿದೆ, ಹತ್ತಿರ ಬಗ್ಗಬೇಕು. “ಹೋದ್ರೆ ಹೋಯ್ತು. ಚೆನ್ನಾಗಿದ್ದಾಗ ಎಷ್ಟೋ ಕೆಲಸ ಮಾಡ್ತು. ಕೆಟ್ಟ ಮೇಲೂ ಒಂದು ಬಾಕಿ ಇತ್ತು ನೋಡಿ, ಅದನ್ನೂ ಮಾಡ್ತು.”