ಹರಿದು ಹಾಕದ ಚೀಟಿ

ನಾರಾಯಣಪೇಟೆಯಲ್ಲಿ ನಮ್ಮ ಸೋದರಮಾವನ ಸೀರೆ ಅಂಗಡಿ. ಯಾವ ಬಣ್ಣದ ಒಡಲು, ಎಂಥ ಅಂಚು ಎಂದು ಚೀಟಿ ಬರೆದು ನೇಕಾರರ ಮನೆಗೆ ಕಳಿಸುತ್ತಿದ್ದರು. ಸೀರೆ ನೇಯ್ದಾದ ಮೇಲೆ ಚೀಟಿಯೂ ಅದರ ಜೊತೆ ಮರಳಿ ಬರುತ್ತಿತ್ತು. ಮಾವ ಸೀರೆ ಬಿಚ್ಚಿ ನೋಡಿ, ತಲೆಯಾಡಿಸಿ, ಚೀಟಿಯನ್ನು ನಾಲ್ಕು ಚೂರು ಮಾಡುತ್ತಿದ್ದರು. ಇಲ್ಲದಿದ್ದರೆ ಅದೇ ಚೀಟಿ ಕೈತಪ್ಪಿ ಮತ್ತೆ ಮಗ್ಗಕ್ಕೆ ಹೋಗಿ, ಅದೇ ಸೀರೆ ಎರಡಾಗುತ್ತಿತ್ತು. ಆ ಕಾಗದ ಹರಿಯುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಗದ್ವಾಲದಲ್ಲಿ ನನ್ನದು ಫೋಟೋ ಸ್ಟುಡಿಯೊ. ಮಾವನ ಸೀರೆಗಳ ಫೋಟೋ ತೆಗೆದು ಅಂಗಡಿಗೊಂದು ವೆಬ್‌ಸೈಟ್ ಮಾಡಿಕೊಟ್ಟವನೂ ನಾನೇ. ಅಂಚಿನ ಎಳೆ ಎಳೆಯೂ ಕಾಣಬೇಕೆಂದು ಅವರ ಹಟ. ಅಷ್ಟು ದೊಡ್ಡ ಫೋಟೋ ತೆರೆಯುವಷ್ಟರಲ್ಲಿ ನೋಡುವವರ ತಾಳ್ಮೆ ಮುಗಿಯುತ್ತಿತ್ತು. ಅದಕ್ಕೇ ಸಿಡಿಎನ್ ಹಿಡಿದೆ. ಫೋಟೋಗಳ ನಕಲನ್ನು ಬೇರೆ ಬೇರೆ ಊರುಗಳ ಕಂಪ್ಯೂಟರುಗಳಲ್ಲಿಟ್ಟು, ಕೇಳಿದವರಿಗೆ ಹತ್ತಿರದಿಂದಲೇ ಕೊಡುವ ವ್ಯವಸ್ಥೆ ಅದು. ಫೋಟೋ ಬೇಗ ತೆರೆಯಿತು. ಆದರೆ ವಿಳಾಸದಲ್ಲಿ ಸಿಡಿಎನ್‌ನವರು ಕೊಟ್ಟ ತಲೆಬುಡವಿಲ್ಲದ ಅಕ್ಷರಗಳನ್ನು ಕಂಡು ಮಾವ ಮುಖ ಸಿಂಡರಿಸಿದರು.

“ಇದ್ಯಾರ ಅಂಗಡಿ, ಅಳಿಯಾ? ನಮ್ಮಪ್ಪನ ಹೆಸರು ಎಲ್ಲೈತಿ?”

ಅಂಗಡಿಯ ಬೋರ್ಡಿನಲ್ಲಿದ್ದದ್ದು ಅಜ್ಜನ ಹೆಸರು. ಅದೇ ಹೆಸರಿನ ಡೊಮೇನ್, ಅಂದರೆ ಸೈಟಿಗೆ ಸ್ವಂತ ವಿಳಾಸ, ಕೊಂಡೆವು. ಸೈಟ್ ಸುರಕ್ಷಿತ ಎಂದು ವಿಳಾಸದ ಪಕ್ಕ ತೋರಿಸುವ ಬೀಗದ ಗುರುತು ಬರಲು ಅದಕ್ಕೆ ಸರ್ಟಿಫಿಕೇಟ್ ಬೇಕು. ಹೆಸರು ನಮ್ಮದೇ ಎಂದು ತೋರಿಸಲು, ಸಿಡಿಎನ್‌ನವರು ಕೊಟ್ಟ ಒಂದು ಸಾಲನ್ನು ಡೊಮೇನಿನ ದಾಖಲೆಯಲ್ಲಿ ಸೇರಿಸಬೇಕು. ಆ ಕೆಲಸವನ್ನು ಮಾವನ ಕೈಯಿಂದಲೇ ಮಾಡಿಸಿದೆ. ಪಾಸ್‌ವರ್ಡೂ ಅವರ ಹತ್ತಿರವೇ ಇರಲಿ ಎಂದೆ. ಸ್ವಲ್ಪ ಹೊತ್ತಿಗೆ ಬೀಗ ಮೂಡಿತು. ಮಾವ ಬಂದ ಗಿರಾಕಿಗಳಿಗೆಲ್ಲ ಮೊಬೈಲ್ ಹಿಡಿದು, “ಬೀಗ ನೋಡ್ರಿ” ಎನ್ನುತ್ತಿದ್ದರು. ಮಾವನನ್ನು ಅಷ್ಟು ಖುಷಿಯಾಗಿ ನಾನು ಕಂಡದ್ದು ಕಡಿಮೆ.

ವರ್ಷ ತುಂಬುವ ಹೊತ್ತಿಗೆ ಅವರ ಫೋನ್ ಬಂತು. ಮಕ್ತಲದ ಹಳೆಯ ಗಿರಾಕಿಯೊಬ್ಬರು ಮಗಳ ಮದುವೆ ಸೀರೆ ನೋಡಲು ಸೈಟ್ ತೆರೆದರೆ, ಇದು ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬಂದಿತ್ತಂತೆ.

“ನಮ್ಮಪ್ಪನ ಹೆಸರಿನ ಮ್ಯಾಲ ಹಿಂಗ ಬಂದೈತಿ. ನಾ ಅವರಿಗೆ ಮಾರಿ ಹ್ಯಾಂಗ ತೋರಿಸ್ಲಿ?” ಮಾವ ಮತ್ತೆ ಮತ್ತೆ ಅದನ್ನೇ ಕೇಳಿದರು.

ಮಕ್ತಲದಲ್ಲಿ ಬಸ್ಸು ಬದಲಿಸಿ ನಾರಾಯಣಪೇಟೆ ಮುಟ್ಟುವವರೆಗೂ ಸಿಡಿಎನ್‌ನವರನ್ನು ಬೈದೆ. ಅಂಗಡಿಯಲ್ಲಿ ಕೂತು ದಾಖಲೆ ತೆರೆದರೆ ಆ ಸಾಲೇ ಇಲ್ಲ. ಅವಧಿ ಮುಗಿಯುವಾಗ ಸರ್ಟಿಫಿಕೇಟ್ ತಾನಾಗಿ ಹೊಸದಾಗಬೇಕಾದರೆ ಆ ಸಾಲು ಯಾವಾಗಲೂ ಅಲ್ಲೇ ಇರಬೇಕು.

“ಇಲ್ಲಿದ್ದ ಸಾಲು ಯಾರು ತಗದ್ರಿ, ಮಾವಾ?”

“ನಾನೇ ತಗದೀನಿ. ಬೀಗ ಬಂತಲ್ಲ? ಕೆಲಸ ಆದ ಚೀಟಿ ಇಟ್ಕೊಂಡು ಏನು ಮಾಡಾಕ?”

ನನಗೆ ಮೂಗಿನ ತುದಿಯಲ್ಲೇ ಕೋಪ. ಗಿರಾಕಿಗಳ ಎದುರೇ ಕೂಗಾಡಿದೆ. ಮಾವ ಮಡಿಸಿಟ್ಟ ಸೀರೆಯನ್ನೇ ಮತ್ತೆ ಮಡಿಸುತ್ತ ನಿಂತರು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಚೀಟಿ ಹರಿಯುವುದನ್ನು ಬದುಕಿಡೀ ಮಾಡಿದ ಮನುಷ್ಯನಿಗೆ, ಇದೊಂದನ್ನು ಹರಿಯಬೇಡಿ ಎಂದು ನಾನೇ ಹೇಳಿರಲಿಲ್ಲ.

ಸಾಲನ್ನು ಮತ್ತೆ ಸೇರಿಸಿ ಹೊಸ ಸರ್ಟಿಫಿಕೇಟ್ ಕೇಳಿದೆವು. ಮಧ್ಯಾಹ್ನದೊಳಗೆ ಬೀಗ ಬಂತು. ಮಾವ ಸೀರೆಗಳ ಗಂಟು ಕಟ್ಟಿಕೊಂಡು ತಾವೇ ಮಕ್ತಲಕ್ಕೆ ಹೋಗಿ ಅವರ ಮನೆಯಲ್ಲಿ ಬಿಚ್ಚಿ ತೋರಿಸಿ ಬಂದರು. ಆಮೇಲೆ ಆ ಉದ್ದನೆಯ ಸಾಲನ್ನು ಒಂದು ಚೀಟಿಯಲ್ಲಿ ಬರೆದು, ಕೆಳಗೆ ‘ಹುಷಾರ್, ಹರಿಯಬಾರದು’ ಎಂದು ಸೇರಿಸಿ, ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿದರು.

ಮಾವ ತೀರಿಕೊಂಡು ಎರಡು ವರ್ಷವಾಯಿತು. ಅಂಗಡಿಯನ್ನು ಈಗ ಅತ್ತೆ ನೋಡಿಕೊಳ್ಳುತ್ತಾರೆ. ಮೊನ್ನೆ ಪೆಟ್ಟಿಗೆ ಒರೆಸುತ್ತಿದ್ದ ಅವರು ಕೇಳಿದರು.

“ಈ ಚೀಟಿ ಹಳೇದಾತು. ತಗದ್ಬಿಡ್ಲೇನು?”

“ಬ್ಯಾಡ್ರಿ ಅತ್ತಿ. ಅದನ್ನ ತಗದ್ರ ಬೀಗ ಹೋಗ್ತೈತಿ.”

ಹಸಿ ಸುಳ್ಳು. ಬೇಕಾದ ಸಾಲು ಡೊಮೇನಿನ ದಾಖಲೆಯಲ್ಲಿ ಭದ್ರವಾಗಿದೆ. ಈ ಕಾಗದ ಇದ್ದರೂ ಒಂದೇ, ಹೋದರೂ ಒಂದೇ. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದರು. ಮೇಲೆದ್ದಿದ್ದ ಒಂದು ಮೂಲೆಗೆ ಗೋಂದು ಹಚ್ಚಿ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಮಾವ ಹರಿಯದೆ ಇಟ್ಟ ಚೀಟಿ ಅದೊಂದೇ ಎಂದು ಅವರಿಗೂ ಗೊತ್ತಿತ್ತು.